ಥಾಮಸ್ ಯಂಗ್

ಚರಿತ್ರೆಯ ವಿದ್ಯಾರ್ಥಿಯಾದ ನಾನು ಥಾಮಸ್ ಯಂಗನ ಹೆಸರನ್ನು ಮೊದಲು ಕಂಡುದು ಈಜಿಪ್ಟಿನ ರೊಸೆಟ್ಟಾ ಶಿಲೆಯ ಪ್ರಸ್ತಾಪದಲ್ಲಿ. ವಿದ್ಯಾರ್ಥಿನಿಲಯದಲ್ಲಿರುವ ವಿಜ್ಞಾನದ ಗೆಳೆಯನ ಪ್ರಯೋಗದ ಪುಸ್ತಕದಲ್ಲಿಯೂ ಅದೇ ಹೆಸರಿತ್ತು. ಇಬ್ಬರೂ ಒಬ್ಬನೇ ಎಂದು ತಿಳಿದಾಗ ಉಂಟಾದ ಆಶ್ಚರ್ಯವೇ ಈ ಲೇಖನಕ್ಕೆ ಕಾರಣ.

ಯಂಗನು 1773ನೆಯ ಇಸವಿ ಜೂನ್ 13ರಂದು ಇಂಗ್ಲೆಂಡಿನ ಮಿಲ್ವರ್ಟನ್ ಎಂಬ ಊರಿನಲ್ಲಿ ಕ್ವೇಕರ್ ಪಂಥದ ಮನೆತನವೊಂದರಲ್ಲಿ ಜನಿಸಿದನು. ಹತ್ತು ಮಕ್ಕಳಲ್ಲಿ ಈತನೇ ಹಿರಿಯನು. ಎರಡು ವರ್ಷದವನಿದ್ದಾಗಲೇ ಓದಲು ಕಲಿತನೆಂದು ಪ್ರತೀತಿ. ಹದಿನಾಲ್ಕರ ಹೊತ್ತಿಗೆ ಗ್ರೀಕ್, ಲ್ಯಾಟಿನ್ ಮೊದಲಾದ ಹಲವು ಭಾಷೆಗಳು ಅವನಿಗೆ ಪರಿಚಯವಾಗಿದ್ದವು. ಲಂಡನ್, ಎಡಿನ್‌ಬರೋ, ಗಟಿಂಗೆನ್, ಕೇಂಬ್ರಿಡ್ಜ್‌ಗಳಲ್ಲಿ ವ್ಯಾಸಂಗ ಮಾಡಿ ವೈದ್ಯನಾದನು. ಬೆಳಕು ಅಲೆಯ ರೂಪದ್ದೆಂದು ಪ್ರಯೋಗಗಳಿಂದ ತೋರಿಸಿದವನೂ ಈತನೇ.

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರಾಧ್ಯಾಪಕನಾದನು. ಆದರೆ ಅವನ ಉಪನ್ಯಾಸಗಳು ಬಹು ಜನರಿಗೆ ಅರ್ಥವಾಗಲಿಲ್ಲ. ಎರಡು ವರ್ಷಗಳಲ್ಲಿಯೇ ಆ ಹುದ್ದೆಯನ್ನು ಬಿಟ್ಟನು. 1807ರಲ್ಲಿ ಆ ಉಪನ್ಯಾಸಗಳು ಎರಡು ಸಂಪುಟಗಳಾಗಿ ಅಚ್ಚಾದವು. ಲೋಹದ ಬಿಗಿತವನ್ನು ಅಳೆಯುವ ‘ಯಂಗನ ಗುಣಾಂಕ’ದ ಮೂಲವು ಅವುಗಳಲ್ಲಿದೆ.

ಎಳೆದಷ್ಟೂ ತಂತಿಯು ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆಂದು ಹುಕ್ ಎಂಬ ವಿಜ್ಞಾನಿಯು 1678ರಲ್ಲಿಯೇ ತಿಳಿಸಿದ್ದನು. ಆದರೆ ದಪ್ಪ ತಂತಿ ಕಡಿಮೆ ಹಿಗ್ಗುತ್ತದೆ, ಉದ್ದದ್ದು ಹೆಚ್ಚು ಹಿಗ್ಗುತ್ತದೆ. ಹಾಗಾದರೆ ಲೋಹದ ಸ್ವಂತ ಗುಣ ಯಾವುದು? ಎರಡು ಮೀಟರ್ ಉದ್ದದ, ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಉಕ್ಕಿನ ತಂತಿಗೆ ಹತ್ತು ಕಿಲೋಗ್ರಾಂ ತೂಗುಹಾಕೋಣ. ಅದರ ಎಳೆತ ಸುಮಾರು 98 ನ್ಯೂಟನ್. ತಂತಿ ಹಿಗ್ಗುವುದು ಸುಮಾರು ಒಂದು ಮಿಲಿಮೀಟರ್, ಎಂದರೆ ತನ್ನ ಉದ್ದದ ಎರಡು ಸಾವಿರದಲ್ಲಿ ಒಂದು ಪಾಲು. ಚದರ ಮಿಲಿಮೀಟರಿನ ಮೇಲಿನ ಎಳೆತವನ್ನು ಈ ಪಾಲಿನಿಂದ ಭಾಗಿಸಿದರೆ ಸುಮಾರು ಎರಡು ಲಕ್ಷ ಬರುತ್ತದೆ. ತಂತಿಯ ಅಳತೆ ಬದಲಾದರೂ ಈ ಸಂಖ್ಯೆ ಬದಲಾಗದು. ಅಲ್ಯೂಮಿನಿಯಮ್ಮಿಗೆ ಇದರ ಮೂರರಲ್ಲಿ ಒಂದು ಪಾಲು ಮಾತ್ರ. ಪ್ರಯೋಗಶಾಲೆಯಲ್ಲಿ ತೂಕಗಳನ್ನು ಒಂದೊಂದಾಗಿ ಏರಿಸಿ, ಹಿಗ್ಗನ್ನು ಗುರುತುಮಾಡಿ, ನಕ್ಷೆಯ ನೇರ ಗೆರೆಯ ಇಳಿಜಾರಿನಿಂದ ಇದನ್ನು ಕಂಡುಹಿಡಿಯುತ್ತಾರೆ. ಮಿತಿ ಮೀರಿ ಎಳೆದ ತಂತಿ ಮೊದಲಿನಂತಾಗದು. ಆ ಭಾಗದ ಅಳತೆ ಈ ಲೆಕ್ಕಕ್ಕೆ ಸಲ್ಲದು.

ಯಂಗನು ಇದನ್ನು ಇಷ್ಟು ಸರಳವಾಗಿ ಹೇಳಲಿಲ್ಲ. ಅದೇ ಪದಾರ್ಥದ ಕಂಬವೊಂದನ್ನು ಕಲ್ಪಿಸಿಕೊಂಡು ಅದರ ಭಾರದ ಮೂಲಕ ಸುತ್ತಿಬಳಸಿ ವಿವರಿಸಿದನು. ಇಂದಿನ ರೂಪವನ್ನು 1826ರಲ್ಲಿ ಕೊಟ್ಟವನು ಫ್ರಾನ್ಸಿನ ನೇವಿಯೆ. ಹೆಸರು ಮಾತ್ರ ಯಂಗನದೇ ಉಳಿಯಿತು.

ಮುಂದೆ ಈಜಿಪ್ಟಿನ ಲಿಪಿಯ ಕೆಲವು ಗುಟ್ಟುಗಳನ್ನು ಬಿಡಿಸಿದನು. ಕೊನೆಯ ಕಾಯಿಲೆಯಲ್ಲಿಯೂ ಆ ಭಾಷೆಯ ನಿಘಂಟಿನ ಕೆಲಸವನ್ನು ಬಿಡದೆ 1829ರ ಮೇ 10ರಂದು ತೀರಿಕೊಂಡನು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ರಜೆಗೆ ಊರಿಗೆ ಹೋದಾಗ ಏನು ಕಲಿತೆಯೆಂದು ತಂದೆಯವರು ಕೇಳುತ್ತಾರೆ. ಪುಸ್ತಕದ ಮಾತಿನಲ್ಲಿ ಉತ್ತರಿಸಿದರೆ ಸುಮ್ಮನಾಗಿಬಿಡುತ್ತಾರೆ. ಯಂಗನ ವಿದ್ಯೆಯಲ್ಲಿ ನೂರರಲ್ಲೊಂದು ಪಾಲೂ ನಮಗೆ ದಕ್ಕಲಾರದು. ದಕ್ಕಿದಷ್ಟನ್ನು ಮನೆಯವರಿಗೆ ತಿಳಿಯುವಂತೆ ಹೇಳುವುದನ್ನಾದರೂ ನಾವು ಕಲಿಯಬೇಕು.