ಪರಮಾಣುಗಳನ್ನು ತಿರುಗಿಸಿದ ಕಾಸ್ಟ್ಲರ್

ಭೌತವಿಜ್ಞಾನಿ ಆಲ್ಫ್ರೆಡ್ ಕಾಸ್ಟ್ಲರರು 1902ರ ಮೇ 3ರಂದು ಆಲ್ಸೇಸ್ ಪ್ರಾಂತದಲ್ಲಿ ಜನಿಸಿದರು. ಆಗ ಜರ್ಮನಿಯ ವಶದಲ್ಲಿದ್ದ ಆ ಪ್ರಾಂತವು ಮೊದಲನೆಯ ಮಹಾಯುದ್ಧದ ತರುವಾಯ ಫ್ರಾನ್ಸಿಗೆ ಮರಳಿತು. ಜರ್ಮನ್ ಭಾಷೆಯಲ್ಲಿ ಕಲಿತಿದ್ದ ಬಾಲಕನು ಫ್ರೆಂಚಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಬೇಕಾಯಿತು. ಪ್ಯಾರಿಸಿನಲ್ಲಿ ಓದು ಮುಗಿಸಿಯೂ ಐದು ವರ್ಷ ಪ್ರೌಢಶಾಲೆಗಳಲ್ಲಿ ಪಾಠ ಹೇಳಿದರು.

ಅನಿಲದಲ್ಲಿನ ಪರಮಾಣುಗಳು ಪುಟ್ಟ ಅಯಸ್ಕಾಂತಗಳಂತೆ; ಸಂಜೆಯ ರೈಲು ನಿಲ್ದಾಣದ ಜನರಂತೆ ಎತ್ತೆತ್ತಲೋ ಮುಖಮಾಡಿರುತ್ತವೆ. ಒಂದೇ ಬಗೆಯಾಗಿ ಸುತ್ತುವ, ಅಂದರೆ ಧ್ರುವೀಕರಿಸಿದ, ಬೆಳಕನ್ನು ಹಾಯಿಸಿದರೆ ಅವು ಅದನ್ನು ಹೀರಿ, ಮರಳಿ ಸೂಸುತ್ತ, ಕ್ರಮೇಣ ಒಂದೇ ದಿಕ್ಕಿಗೆ ತಿರುಗುವುವೆಂದು ಅವರು 1950ರಲ್ಲಿ ಸೂಚಿಸಿದರು. 1952ರಲ್ಲಿ ಶಿಷ್ಯ ಝಾನ್ ಬ್ರೊಸೆಲ್ ಮೊದಲಾದವರೊಡನೆ ಸೋಡಿಯಂ ಪರಮಾಣುಗಳ ಮೇಲೆ ಪ್ರಯೋಗಿಸಿ ತೋರಿಸಿದರು. ಪರಮಾಣು ಗಡಿಯಾರಗಳಿಗೆ ಈ ವಿಧಾನ ಒದಗಿತು. ಬೆಳಕಿನ ಪೆಟ್ಟಿಗೆ ಎಲೆಕ್ಟ್ರಾನನ್ನು ಕಳೆದುಕೊಂಡು ಅಯಾನುಗಳಾದ ಪರಮಾಣುಗಳಲ್ಲಿಯೂ ಇಂತಹ ದಿಕ್ಕಿನ ಒಲವು ಉಂಟೆಂದು ಮುಂದೆ ತಿಳಿದುಬಂದಿತು.

1966ರ ನೊಬೆಲ್ ಬಹುಮಾನ ಕಾಸ್ಟ್ಲರರೊಬ್ಬರಿಗೇ ಸಂದಿತು. ಬ್ರೊಸೆಲರಿಗೂ ಅದರಲ್ಲಿ ಪಾಲು ಸಲ್ಲಬೇಕಿತ್ತೆಂದು ಅವರು ವಿಷಾದಿಸಿದರು. ಗುರುವಿನ ಬಾಯಲ್ಲಿ ಇಂತಹ ಮಾತು ಅಪರೂಪವೇ ಸರಿ.

ಬಾಲ್ಯದ ಜರ್ಮನ್ ನುಡಿಯನ್ನೂ ಅವರು ತೊರೆಯಲಿಲ್ಲ. ಅದರಲ್ಲಿ ರಚಿಸಿದ ಕವಿತೆಗಳ ಸಂಗ್ರಹವನ್ನು 1971ರಲ್ಲಿ ಪ್ರಕಟಿಸಿದರು. 1984ರ ಜನವರಿ 7ರಂದು ಫ್ರಾನ್ಸಿನ ಬಾಂದೋಲಿನಲ್ಲಿ ನಿಧನ ಹೊಂದಿದರು.