ಪೆನಿಷೆಯ ಕೋಟೆಯೂ ಕುನ್ಹಾರವರೂ

ಪೋರ್ಚುಗಲ್ ದೇಶದ ಪಶ್ಚಿಮ ತೀರದಲ್ಲಿ, ಅಟ್ಲಾಂಟಿಕ್ ಸಾಗರದ ತೆರೆಗಳು ಅಪ್ಪಳಿಸುವ ಬಂಡೆಗಳ ಮೇಲೆ, ಪೆನಿಷೆ ಎಂಬ ಕೋಟೆಯಿದೆ. ನಮ್ಮ ವಾಚಕರಲ್ಲಿ ಅನೇಕರಿಗೆ ಈ ಹೆಸರು ಅಪರಿಚಿತವಾಗಿರಬಹುದು. ಆದರೂ ನಮ್ಮ ಪಡುವಣ ಕರಾವಳಿಗೂ ಆ ಕೋಟೆಗೂ ಎರಡು ಸಲ ಸಂಬಂಧವೊದಗಿತು. ಅದನ್ನು ಕಟ್ಟಿಸಿದವನು ಈ ಕರಾವಳಿಯನ್ನು ಗೆಲ್ಲಲು ಬಂದನು. ನಾಲ್ಕು ಶತಮಾನಗಳ ತರುವಾಯ ಈ ಕರಾವಳಿಯ ಬಿಡುಗಡೆಯನ್ನು ಬಯಸಿದವರೊಬ್ಬರು ಅದರೊಳಗೆ ಬಂದಿಗಳಾದರು.

ಕಡಲುಗಳ್ಳರನ್ನೂ ಶತ್ರುನೌಕೆಗಳನ್ನೂ ತಡೆಯುವ ಸಲುವಾಗಿ 1557ರಲ್ಲಿ ಕೋಟೆಯ ಕೆಲಸವು ಆರಂಭವಾಯಿತು. ಅದನ್ನು ನಡೆಯಿಸಿದ ಪೆನಿಷೆಯ ಒಡೆಯ ಲುಯೀಸ್ ದೆ ಅತಾಯಿದನು 1568ರಲ್ಲಿ ವೈಸರಾಯನಾಗಿ ಗೋವೆಗೆ ಬಂದು, ಮರುವರ್ಷವೇ ಹೊನ್ನಾವರ, ಬಸರೂರುಗಳನ್ನು ವಶಪಡಿಸಿಕೊಂಡನು. ಇತ್ತ ಅವನ ಕೋಟೆಯು 1589ರಲ್ಲಿ ಆಂಗ್ಲರ ದಂಡಿಗೆ ಶರಣಾಯಿತು. ಹೊರಗಿನ ಶತ್ರುವಿಗಾಗಿ ಕಟ್ಟಿದ ಈ ಗೋಡೆಗಳು 1934ರಿಂದ ಸಾಲಜಾರನ ಸರಕಾರದ ರಾಜಕೀಯ ಕಾರಾಗೃಹವಾಗಿ ಒಳಗಿನವರನ್ನೇ ಬಂಧಿಸತೊಡಗಿದುವು.

ಅಲ್ಲಿಗೆ ಗಡೀಪಾರಾಗಿ ಹೋದವರು ತ್ರಿಸ್ತಾವೊ ಬ್ರಗಾಂಜಾ ಕುನ್ಹಾರವರು. 1891ರಲ್ಲಿ ಗೋವೆಯ ಚಾಂದೋರಿನಲ್ಲಿ ಜನಿಸಿದ ಇವರು ಪಾಂಡಿಚೇರಿಯಲ್ಲಿ ಓದಿ, ಪ್ಯಾರಿಸಿನಲ್ಲಿ ವಿದ್ಯುತ್ ಎಂಜಿನಿಯರರಾದರು. 1926ರಲ್ಲಿ ತಾಯ್ನಾಡಿಗೆ ಮರಳಿ, 1928ರಲ್ಲಿ ಗೋವಾ ಕಾಂಗ್ರೆಸ್ ಸಮಿತಿಯನ್ನು ಸ್ಥಾಪಿಸಿದರು. ಪರರಾಜ್ಯವು ನೆಲವನ್ನಷ್ಟೇ ಅಲ್ಲ, ಜನರ ಸ್ವತ್ವವನ್ನೂ ಅಪಹರಿಸಿತೆಂದು 1944ರ ತಮ್ಮ ಪುಸ್ತಿಕೆಯೊಂದರಲ್ಲಿ ನಿರ್ಭೀತಿಯಿಂದ ವಾದಿಸಿದರು. 1946ರ ಜೂನ್ 18ರಂದು ಮಡಗಾಂವಿನಲ್ಲಿ ಡಾ. ಲೋಹಿಯಾರವರು ಹೊತ್ತಿಸಿದ ಸತ್ಯಾಗ್ರಹದಲ್ಲಿ ಕುನ್ಹಾರವರೂ ಮುಂದಾದರು. ಸರಕಾರವು ಅವರನ್ನು ಸೆರೆಹಿಡಿದು ಅಗ್ವಾದದ ಕೋಟೆಯಲ್ಲಿಟ್ಟು, ಸೈನಿಕ ನ್ಯಾಯಾಲಯದಿಂದ 8 ವರ್ಷಗಳ ಶಿಕ್ಷೆ ವಿಧಿಸಿ, ಪೆನಿಷೆಗೆ ಸಾಗಿಸಿತು. ಆಗ ಅವರಿಗೆ 55 ವರ್ಷ ವಯಸ್ಸು. 1950ರಲ್ಲಿ ಸೆರೆಯಿಂದ ಬಿಡುಗಡೆ ದೊರೆತರೂ ಸ್ವದೇಶಕ್ಕೆ ಮರಳಲು ಅನುಮತಿ ದೊರೆಯಲಿಲ್ಲ. 1953ರಲ್ಲಿ ಅವರು ಉಪಾಯದಿಂದ ಪೋರ್ಚುಗಲ್ಲನ್ನು ದಾಟಿ, ಪ್ಯಾರಿಸಿನ ಮಾರ್ಗವಾಗಿ ಮುಂಬಯಿಯನ್ನು ಸೇರಿ, ಪತ್ರಿಕೆಯ ಮೂಲಕ ಹೋರಾಟವನ್ನು ಮುಂದುವರಿಸಿದರು. 1958ರ ಸೆಪ್ಟೆಂಬರ್ 26ರಂದು ಅಲ್ಲಿಯೇ ದಿವಂಗತರಾದರು. ಗೋವೆಯು ಸ್ವತಂತ್ರವಾದುದು 1961ರ ಡಿಸೆಂಬರ್ 19ರಂದು. ಮೂರು ವರ್ಷಗಳ ಅಂತರದಲ್ಲಿ ಆ ಸುದಿನವು ಅವರ ಕಣ್ಣಿಗೆ ತಪ್ಪಿಹೋಯಿತು.

ಪೆನಿಷೆಯ ಕತೆ ಅಲ್ಲಿಗೆ ಮುಗಿಯಲಿಲ್ಲ. 1960ರ ಜನವರಿ 3ರಂದು ಅಲ್ವಾರೊ ಕುನ್ಹಾಲ್ ಮೊದಲಾದ ಪೋರ್ಚುಗೀಜ ಬಂದಿಗಳೇ ಅಲ್ಲಿಂದ ತಪ್ಪಿಸಿಕೊಂಡರು. 1974ರ ಏಪ್ರಿಲಿನ ಕ್ರಾಂತಿಯು ಸೆರೆಯ ಬಾಗಿಲನ್ನು ತೆರೆಯಿತು. ಆಫ್ರಿಕದ ವಸಾಹತುಗಳೂ ಕೈಬಿಟ್ಟುಹೋಗಲು, ಅಲ್ಲಿಂದ ಮರಳಿದ ಪೋರ್ಚುಗೀಜ ಕುಟುಂಬಗಳಿಗೆ ಆ ಕೋಟೆಯೇ ಆಸರೆಯಾಯಿತು. 2024ರಿಂದ ಅದು ಪ್ರತಿರೋಧ ಮತ್ತು ಸ್ವಾತಂತ್ರ್ಯದ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿದೆ.

ಗೋವೆಯನ್ನು ಆಳಿದವರನ್ನೂ ಅವರ ಸ್ವಂತ ಜನರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದೇ ದಬ್ಬಾಳಿಕೆಯು ಇಬ್ಬರನ್ನೂ ಒಂದೇ ಗೋಡೆಯೊಳಗೆ ನೂಕಿತ್ತು. ಆ ದೇಶವು ತನ್ನ ಅಪರಾಧದ ಸ್ಥಳವನ್ನು ಮುಚ್ಚಿಡದೆ ಲೋಕಕ್ಕೆ ತೋರಿಸುತ್ತಿರುವಾಗ, ಅಲ್ಲಿ ನಮಗಾಗಿ ನರಳಿದವರ ಹೆಸರನ್ನು ನಾವೇ ಮರೆತರೆ ಅದು ಕೃತಘ್ನತೆಯಾದೀತು. ಹೊನ್ನಾವರ, ಬಸರೂರುಗಳ ಚರಿತ್ರೆಯನ್ನು ಓದುವ ನಮ್ಮ ಮಕ್ಕಳು ಕುನ್ಹಾರವರ ಚರಿತ್ರೆಯನ್ನೂ ಅರಿಯುವಂತಾಗಲಿ ಎಂಬುದೇ ನಮ್ಮ ಆಶಯ.