ಹುಟ್ಟಿದ ಮಗುವಿಗೆ ಮೊದಲ ಅಂಕ ಕೊಟ್ಟ ವೈದ್ಯೆ

ನನ್ನ ಖಾಲಾಗೆ ಮಗು ಹುಟ್ಟಿದಾಗ ಅದು ಅಳಲಿಲ್ಲ. ಹೊರಗೆ ನಾನಿ ದುವಾ ಮಾಡುತ್ತಿದ್ದರು. ಒಳಗೆ ನರ್ಸ್ ಮಗುವನ್ನು ಒರೆಸಿ, ಬೆನ್ನು ಉಜ್ಜಿ, ಮಾಸ್ಕ್ ಇಟ್ಟು ಚೀಲ ಒತ್ತಿ ಉಸಿರು ಕೊಟ್ಟರಂತೆ. ಆಮೇಲೆ ಅಳು ಕೇಳಿಸಿತು. ಇಂಥ ಮಕ್ಕಳತ್ತ ಜಗತ್ತಿನ ಗಮನ ಸೆಳೆದವರು ಡಾ. ವರ್ಜೀನಿಯಾ ಅಪ್ಗಾರ್.

ಅವರು 1909ರ ಜೂನ್ 7ರಂದು ಅಮೆರಿಕದ ವೆಸ್ಟ್‌ಫೀಲ್ಡ್‌ನಲ್ಲಿ ಜನಿಸಿದರು. ಒಬ್ಬ ಸಹೋದರ ಕ್ಷಯದಿಂದ ತೀರಿಕೊಂಡಿದ್ದರು. 1933ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯ ಪದವಿ ಪಡೆದಾಗ ಅವರು ತರಗತಿಗೆ ನಾಲ್ಕನೆಯವರು. ತಲೆಯ ಮೇಲೆ ಸಾಲವೂ ಇತ್ತು. ಶಸ್ತ್ರಚಿಕಿತ್ಸೆಯಲ್ಲಿ ಮಹಿಳೆಗೆ ಜೀವನ ನಡೆಸುವುದು ಕಷ್ಟವೆಂದು ಹಿರಿಯರು ಹೇಳಿದ್ದರಿಂದ ಅರಿವಳಿಕೆ ವಿಭಾಗಕ್ಕೆ ಬಂದರು. 1949ರಲ್ಲಿ ಆ ವೈದ್ಯ ಕಾಲೇಜಿನ ಮೊದಲ ಮಹಿಳಾ ಪೂರ್ಣ ಪ್ರಾಧ್ಯಾಪಕಿಯಾದರು.

ಹೆರಿಗೆ ಕೋಣೆಯಲ್ಲಿ ಎಲ್ಲರ ಗಮನ ತಾಯಿಯ ಮೇಲೆ ಇರುತ್ತಿತ್ತು. ಉಸಿರಾಡದ ಮಗುವನ್ನು ಕ್ರಮವಾಗಿ ನೋಡುವವರು ಕಡಿಮೆ. 1952ರಲ್ಲಿ ಅಪ್ಗಾರ್ ಒಂದು ಸರಳ ಲೆಕ್ಕ ಮುಂದಿಟ್ಟರು. ಹೃದಯ ಬಡಿತ, ಉಸಿರಾಟ, ಸ್ನಾಯುಗಳ ಬಿಗಿತ, ಸ್ಪರ್ಶಕ್ಕೆ ಪ್ರತಿಕ್ರಿಯೆ, ಮೈಬಣ್ಣ: ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು 10. ಹುಟ್ಟಿದ ಒಂದು ನಿಮಿಷಕ್ಕೆ ಒಮ್ಮೆ ಅಂಕ ಕೊಡಬೇಕು. ಮುಂದೆ 5ನೇ ನಿಮಿಷಕ್ಕೂ ಕೊಡುವುದು ರೂಢಿಯಾಯಿತು. ಅಂಕ ಕೊಡಬೇಕಾದರೆ ಮಗುವನ್ನು ನೋಡಲೇಬೇಕು. ಅದೇ ದೊಡ್ಡ ಬದಲಾವಣೆ.

ಯಾರಿಗಾದರೂ ಉಸಿರು ಕಟ್ಟಿದರೆ ಇರಲಿ ಎಂದು ಅವರು ಚಿಕ್ಕ ಚಾಕು ಮತ್ತು ನಳಿಕೆಯನ್ನು ಸದಾ ಜೊತೆಗೆ ಇಟ್ಟುಕೊಳ್ಳುತ್ತಿದ್ದರು. ಪಿಟೀಲು ನುಡಿಸುತ್ತಿದ್ದರು, ವಾದ್ಯಗಳನ್ನು ತಾವೇ ತಯಾರಿಸುತ್ತಿದ್ದರು. 50ನೇ ವಯಸ್ಸಿನಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಇನ್ನೊಂದು ಪದವಿ ಪಡೆದು, ಹುಟ್ಟಿನಿಂದ ಬರುವ ದೋಷಗಳ ಬಗ್ಗೆ ಜಾಗೃತಿ ಮೂಡಿಸಿದರು. 1974ರ ಆಗಸ್ಟ್ 7ರಂದು ನಿಧನರಾದರು.

ಆದರೆ ಅಂಕ ಮಾತ್ರ ಮಗುವನ್ನು ಉಳಿಸುವುದಿಲ್ಲ. ಉಸಿರು ಕೊಡುವ ಕೈ ಬೇಕು. ಅಂಕಕ್ಕಾಗಿ ಕಾಯದೆ ಮೊದಲ ನಿಮಿಷದಲ್ಲೇ ಕೆಲಸ ಶುರುವಾಗಬೇಕು ಎಂಬುದು ಇಂದಿನ ತರಬೇತಿಯ ಪಾಠ. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಹೆರಿಗೆ ಮಾಡಿಸುವವರಿಗೆ ಬೊಂಬೆಯ ಮೇಲೆ ಇದನ್ನು ಕಲಿಸಿದರು. ಸತ್ತೇ ಹುಟ್ಟಿದವೆಂದು ಎಣಿಸಲಾದ ಶಿಶುಗಳ ಪ್ರಮಾಣ ಶೇ. 3ರಿಂದ ಶೇ. 2.3ಕ್ಕೆ ಇಳಿಯಿತು. ಸತ್ತಿವೆ ಎಂದುಕೊಂಡ ಕೆಲವು ಮಕ್ಕಳಿಗೆ ಬೇಕಾಗಿದ್ದುದು ಉಸಿರು ಮಾತ್ರ.

ಗುರುಪುರದಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಹೋಗಲು ಒಂದು ಗಂಟೆಯಾದರೂ ಬೇಕು. ಉಸಿರಿಲ್ಲದ ಮಗುವಿಗೆ ಇರುವುದು ಕೆಲವೇ ನಿಮಿಷ. ಆದ್ದರಿಂದ ಈ ವಿದ್ಯೆ ಹತ್ತಿರದ ಆಸ್ಪತ್ರೆಯ ನರ್ಸ್ ಕೈಯಲ್ಲೇ ಇರಬೇಕು. ಖಾಲಾನ ಮಗ ಈಗ ನಮ್ಮ ಮನೆ ತುಂಬಾ ಓಡಾಡುತ್ತಾನೆ. ಅವನ ಮೊದಲ ಅಂಕ ಎಷ್ಟಿತ್ತೋ ನಮಗೆ ಗೊತ್ತಿಲ್ಲ. ಆದರೆ ಆ ನರ್ಸ್ ಪಾಸಾದರು.